ತೊಳೆಯೋ ಆಯಿಲ್ ಫಿಲ್ಟರ್ ಬೇಕಾ, ಬಿಸಾಕೋದೇ ಸಾಕಾ?

ಇಂಜಿನ್ ಆಯಿಲ್‌ನ ಕಸ ಹಿಡಿಯೋಕೆ ತೊಳೆದು ಮತ್ತೆ ಮತ್ತೆ ಹಾಕೋ ಸ್ಟೀಲ್ ಜಾಲರಿ ಫಿಲ್ಟರ್ ಆರ್ಡರ್ ಮಾಡೋಕೆ ಮುಂಚೆ ಒಂದ್ ಕೆಲಸ ಮಾಡಿ, ಬೈಕ್ ಜೊತೆ ಬಂದಿರೋ ಮ್ಯಾನುಯಲ್ ತೆಗೆದು ನಿಮ್ಮ ಇಂಜಿನ್‌ನಲ್ಲಿ ಬಿಚ್ಚಿ ಬದಲಾಯಿಸೋ ಫಿಲ್ಟರ್ ಅಂತ ಒಂದು ಇದೆಯಾ ಅನ್ನೋದನ್ನ ನೋಡಿ. ನಗ್ಬೇಡಿ. 100, 125 ಸಿಸಿಯ ಎಷ್ಟೋ ಬೈಕ್‌ಗಳಲ್ಲಿ ಅದು ಇರೋದೇ ಇಲ್ಲ. ಅವುಗಳಲ್ಲಿ ಆಯಿಲ್ ಪಂಪ್‌ಗೆ ಹೋಗೋ ದಾರೀಲಿ ಒಂದು ದಪ್ಪ ಜಾಲರಿ ಇರತ್ತೆ, ಸ್ಟ್ರೈನರ್ ಅಂತಾರೆ, ಅದರ ಜೊತೆ ಕ್ರ್ಯಾಂಕ್ (ಪಿಸ್ಟನ್ ಓಡಾಟದಿಂದ ತಿರುಗೋ ಇಂಜಿನ್ ಒಳಗಿನ ದಂಡ) ತುದೀಲಿ ಗಿರಗಿರ ತಿರುಗೋ ಒಂದು ಬಟ್ಟಲು, ಅದರೊಳಗೆ ಬಂದ ಆಯಿಲ್‌ನಲ್ಲಿರೋ ಭಾರದ ಕಣಗಳೆಲ್ಲ ತಿರುಗೋ ರಭಸಕ್ಕೆ ಗೋಡೆಗೆ ಹೋಗಿ ಅಂಟ್ಕೊಂಡು ಜಿಗುಟು ಕೆಸರಾಗಿ ಕೂತ್ಕೊಳ್ಳತ್ತೆ. ಇದೇ ಸೆಂಟ್ರಿಫ್ಯೂಗಲ್ ಫಿಲ್ಟರ್. ಇವೆರಡನ್ನೂ ಮ್ಯಾನುಯಲ್ ಹೇಳಿದ ಹೊತ್ತಿಗೆ ಬಿಚ್ಚಿ ತೊಳೆದ್ರೆ ಮುಗೀತು, ಪ್ರತಿ ಸಲ ಹೊಸದು ಹಾಕೋ ಮಾತೇ ಇಲ್ಲ. ನಿಮ್ಮದು ಅಂಥ ಬೈಕ್ ಆಗಿದ್ರೆ ನೀವು ಆಗ್ಲೇ ತೊಳೆಯೋ ಪಾರ್ಟಿಗೆ ಸೇರಿದೀರಿ, ಸ್ಟೀಲ್ ಫಿಲ್ಟರ್ ಕೊಳ್ಳೋ ಪ್ರಶ್ನೆಯೇ ಇಲ್ಲ.

ಉಳಿದವರದ್ದು ಎರಡು ಥರ ಇರತ್ತೆ. ಒಂದು ಕಾರ್ಟ್ರಿಡ್ಜ್, ಇಂಜಿನ್ ಪಕ್ಕದಲ್ಲಿ ಎರಡು ಮೂರು ಬೋಲ್ಟ್ ಹಾಕಿರೋ ಮುಚ್ಚಳ ಬಿಚ್ಚಿದ್ರೆ ಒಳಗೆ ಮಡಿಕೆ ಮಡಿಕೆ ಪೇಪರ್ ಇರೋ ಸಿಲಿಂಡರ್ ಥರದ್ದು ಸಿಗತ್ತೆ. ಇನ್ನೊಂದು ಸ್ಪಿನ್-ಆನ್, ಇಡೀ ಡಬ್ಬಾನೇ ಹೊರಗಡೆಯಿಂದ ತಿರುಗಿಸಿ ಹಾಕೋದು, ಕಾರ್‌ನಲ್ಲಿ ಇರತ್ತಲ್ಲ ಹಾಗೆ. ಎರಡಕ್ಕೂ ಬಿಸಾಕೋ ಪೇಪರ್ ವರ್ಷನ್ನೂ ಸಿಗತ್ತೆ, ತೊಳೆಯೋ ಸ್ಟೀಲ್ ವರ್ಷನ್ನೂ ಸಿಗತ್ತೆ. ಪೇಪರ್ ಅಂತ ಬಾಯಿಮಾತಿಗೆ ಹೇಳೋದು, ಅದರಲ್ಲಿ ಮರದ ನಾರಿನ ಸೆಲ್ಯುಲೋಸ್ ಇರಬಹುದು, ಸಿಂಥೆಟಿಕ್ ಅಥವಾ ಗಾಜಿನ ಸಣ್ಣ ನಾರು ಇರಬಹುದು, ಎರಡೂ ಬೆರೆಸಿರಬಹುದು. ಸ್ಟೀಲ್ ಅಂದ್ರೆ ತೆಳು ಸ್ಟೇನ್‌ಲೆಸ್ ತಂತಿ ನೇಯ್ದು ಮಾಡಿರೋ ಬಟ್ಟೆ, ಅದನ್ನೇ ಮಡಿಕೆ ಹೊಡೆದು ಎರಡೂ ಕಡೆ ಲೋಹದ ಮುಚ್ಚಳಕ್ಕೆ ಕೂರಿಸಿರ್ತಾರೆ.

ಇಲ್ಲೇ ಎರಡು ಗೊಂದಲ ಬಗೆಹರಿಸಿಬಿಡ್ತೀನಿ, ಯಾಕಂದ್ರೆ ಜನ ಪದೇ ಪದೇ ಎಡವೋದು ಇಲ್ಲೇ. ಕೆ ಆಂಡ್ ಎನ್ ಅನ್ನೋ ಫಿಲ್ಟರ್ ಕಂಪನಿ ಹೆಸರು ಹೇಳಿದ ತಕ್ಷಣ ತೊಳೆದು ಹಾಕೋ ಫಿಲ್ಟರ್ ಅಂತ ತುಂಬಾ ಜನ ಅನ್ಕೊಂಡಿದಾರೆ, ಅದು ಅವರ ಏರ್ ಫಿಲ್ಟರ್ ವಿಷಯ, ಅವರ ಆಯಿಲ್ ಫಿಲ್ಟರ್ ಮಾಮೂಲಿ ಬಿಸಾಕೋ ಫಿಲ್ಟರ್ರೇ, ತಿರುಗಿಸೋಕೆ ಅನುಕೂಲ ಆಗ್ಲಿ ಅಂತ ಡಬ್ಬದ ತಲೆ ಮೇಲೆ ನಟ್ ಕೂರಿಸಿರ್ತಾರೆ ಅಷ್ಟೆ. ಎರಡನೇದು, ಪೇಪರ್ ಫಿಲ್ಟರ್‌ನ ಪೆಟ್ರೋಲ್‌ನಲ್ಲಿ ಅದ್ದಿ ಗಾಳಿ ಹೊಡೆದು ವಾಪಸ್ ಹಾಕೋ ಚಾಳಿ. ಮಾಡ್ಲೇಬೇಡಿ. ಪೇಪರ್ ಕಸ ಹಿಡಿಯೋದು ಮೇಲ್ಮೈಯಲ್ಲಿ ಮಾತ್ರ ಅಲ್ಲ, ನಾರುಗಳ ಸಂದಿಯೊಳಗೆ ಹೂತ್ಕೊಂಡಿರತ್ತೆ, ನೀವು ಎಷ್ಟು ಅದ್ದಿದ್ರೂ ಅದು ಬರಲ್ಲ, ಗಾಳಿ ಹೊಡೆದ್ರೆ ಪೇಪರ್ ಎಲ್ಲೋ ಕಣ್ಣಿಗೆ ಕಾಣದ ಹಾಗೆ ಹರೀತು ಅಂದ್ರೆ ಆಮೇಲೆ ಫಿಲ್ಟರ್ ಇದ್ದೂ ಇಲ್ಲದ ಹಾಗೆ.

ಮೈಕ್ರಾನ್ ಜಗಳ

ಸ್ಟೀಲ್ ಫಿಲ್ಟರ್ ಮಾರೋರೆಲ್ಲ ಒಂದು ನಂಬರ್ ಹಿಡ್ಕೊಂಡು ಕೂತಿರ್ತಾರೆ, ಹೆಚ್ಚಾಗಿ 35 ಮೈಕ್ರಾನ್ ಆಸುಪಾಸು. ಒಂದು ಮೈಕ್ರಾನ್ ಅಂದ್ರೆ ಒಂದು ಮಿಲಿಮೀಟರ್‌ನ ಸಾವಿರ ಪಾಲು ಮಾಡಿ ಅದರಲ್ಲಿ ಒಂದು ಪಾಲು, ತಲೆಕೂದಲು ಸುಮಾರು 70 ಮೈಕ್ರಾನ್ ದಪ್ಪ, ಬರಿಗಣ್ಣಿಗೆ 40ಕ್ಕಿಂತ ಸಣ್ಣದು ಕಾಣೋದು ಕಷ್ಟ. ಪೇಪರ್ ಫಿಲ್ಟರ್ ಡಬ್ಬದ ಮೇಲೆ 10, 20 ಅಂತೆಲ್ಲ ಬರೆದಿರ್ತಾರೆ. ನೋಡಿದ ತಕ್ಷಣ ಪೇಪರ್ ಗೆದ್ದ ಹಾಗೆ ಕಾಣತ್ತೆ, ಆದ್ರೆ ಎರಡು ನಂಬರನ್ನ ಹಾಗೆ ಪಕ್ಕಪಕ್ಕ ಇಟ್ಟು ಅಳೆಯೋಕೆ ಬರಲ್ಲ. ಯಾಕಂದ್ರೆ ನಾಮಿನಲ್ ಅಂತ ಒಂದಿದೆ, ಆ ಸೈಜಿನ ಕಣದಲ್ಲಿ ಒಂದಷ್ಟು ಪಾಲನ್ನ ಹಿಡಿಯತ್ತೆ ಅಂತ ಅರ್ಥ, ಅದು ಅರ್ಧದಷ್ಟೂ ಇರಬಹುದು. ಆಬ್ಸೊಲ್ಯೂಟ್ ಅಂತ ಇನ್ನೊಂದು, ಆ ಸೈಜಿನದ್ದನ್ನ ಹೆಚ್ಚುಕಮ್ಮಿ ಪೂರ್ತಿ ಹಿಡಿಯತ್ತೆ ಅಂತ. ಸ್ಟೀಲ್ ಜಾಲರಿಯ ತೂತುಗಳು ಒಂದೇ ಅಳತೆ ಇರೋದ್ರಿಂದ ಅವರು ಆಬ್ಸೊಲ್ಯೂಟ್ ಲೆಕ್ಕ ಹೇಳ್ತಾರೆ, ಪೇಪರ್‌ನವರು ನಾಮಿನಲ್ ಹೇಳಿ ಸುಮ್ನಾಗ್ತಾರೆ.

ಸರಿಯಾದ ಲೆಕ್ಕ ಬೇಕು ಅಂದ್ರೆ ಬೀಟಾ ರೇಶಿಯೋ ಕೇಳ್ಬೇಕು. ಒಂದು ಸೈಜಿನ ಕಣ ಫಿಲ್ಟರ್‌ಗೆ ಮುಂಚೆ ಎಷ್ಟಿತ್ತು, ದಾಟಿದ ಮೇಲೆ ಎಷ್ಟು ಉಳೀತು, ಮುಂಚಿನದನ್ನ ಆಮೇಲಿನದರಿಂದ ಭಾಗಿಸಿದ್ರೆ ಬೀಟಾ. 2 ಬಂದ್ರೆ ಅರ್ಧ ಹಿಡೀತು ಅಂತ, 20 ಬಂದ್ರೆ 95 ಪರ್ಸೆಂಟ್, 75 ಬಂದ್ರೆ 98.7 ಪರ್ಸೆಂಟ್. ಇಂಜಿನ್ ಆಯಿಲ್ ಫಿಲ್ಟರ್‌ಗಳಿಗೆ ಇದನ್ನ ಅಳೆಯೋಕೆ ಐಎಸ್‌ಒ 4548-12 ಅನ್ನೋ ಪರೀಕ್ಷೆ ಇದೆ. ಡಬ್ಬದ ಮೇಲೆ ಮೈಕ್ರಾನ್ ಒಂದೇ ಬರೆದು ಪರ್ಸೆಂಟೂ ಹೇಳದೆ ಪರೀಕ್ಷೆ ಹೆಸರೂ ಹೇಳದೆ ಇದ್ರೆ ಆ ನಂಬರ್‌ಗೆ ನಾನಂತೂ ಬೆಲೆ ಕೊಡಲ್ಲ, ಅದು ಪೇಪರ್ ಆಗ್ಲಿ ಸ್ಟೀಲ್ ಆಗ್ಲಿ.

ಇಷ್ಟೆಲ್ಲ ಆದ್ಮೇಲೂ ಒಂದು ಮಾತು ನಿಜ, ಒಳ್ಳೆ ಪೇಪರ್ ಅಥವಾ ಸಿಂಥೆಟಿಕ್ ಫಿಲ್ಟರ್ ತೀರಾ ಸಣ್ಣ ಕಣಗಳನ್ನ, 10ರಿಂದ 30 ಮೈಕ್ರಾನ್ ಒಳಗಿನದನ್ನ, ಜಾಲರಿಗಿಂತ ಚೆನ್ನಾಗಿ ಹಿಡಿಯತ್ತೆ. ಒಂದೇ ಸಲಕ್ಕೆ ಅಲ್ಲ, ಅದೇ ಆಯಿಲ್ ನಿಮಿಷಕ್ಕೆ ಎಷ್ಟೋ ಸಲ ಸುತ್ತಿ ಸುತ್ತಿ ಬರ್ತಿರತ್ತಲ್ಲ, ಪ್ರತಿ ಸುತ್ತಲ್ಲೂ ಒಂದಷ್ಟು ಸಿಕ್ಕಿಬೀಳ್ತಾ ಹೋಗತ್ತೆ. ಜಾಲರಿ ಜರಡಿ ಇದ್ದ ಹಾಗೆ, ತೂತಿಗಿಂತ ಸಣ್ಣದು ಈ ಸುತ್ತಲ್ಲಿ ದಾಟಿದ್ರೆ ಮುಂದಿನ ಸುತ್ತಲ್ಲೂ ದಾಟತ್ತೆ. ಇದು ಯಾರಿಗೆ ಮುಖ್ಯ ಅಂದ್ರೆ ಪ್ಲೇನ್ ಬೇರಿಂಗ್ (ಗುಂಡು ರೋಲರ್ ಏನೂ ಇಲ್ಲದ ನುಣುಪು ಬೇರಿಂಗ್) ಇರೋ ಇಂಜಿನ್‌ಗಳಿಗೆ, ಎರಡು ನಾಲ್ಕು ಸಿಲಿಂಡರ್ ಇರೋ ಬೈಕ್‌ಗಳಲ್ಲಿ ಹೆಚ್ಚಾಗಿ ಅದೇ ಇರತ್ತೆ. ಅಲ್ಲಿ ಕ್ರ್ಯಾಂಕ್ ಮತ್ತು ಬೇರಿಂಗ್ ಮಧ್ಯೆ ಲೋಡ್ ಬಿದ್ದ ಜಾಗದಲ್ಲಿ ಆಯಿಲ್ ಪದರ ಕೆಲವೇ ಮೈಕ್ರಾನ್ ದಪ್ಪ ಇರತ್ತೆ, ಆ ಪದರಕ್ಕಿಂತ ಸ್ವಲ್ಪ ದೊಡ್ಡ ಕಣ ಹೋಗಿ ಸಿಕ್ಕಿಕೊಂಡ್ರೆ ಗೀರು ಗ್ಯಾರಂಟಿ. ಸಿಂಗಲ್ ಸಿಲಿಂಡರ್‌ಗಳಲ್ಲಿ ಸುಮಾರು ಕಡೆ ಕ್ರ್ಯಾಂಕ್ ಕೂತಿರೋದು ಬಾಲ್ ಅಥವಾ ರೋಲರ್ ಬೇರಿಂಗ್ ಮೇಲೆ, ಅಲ್ಲಿ ಆ ಥರ ಪ್ರೆಶರ್ ಆಯಿಲ್ ಪದರದ ಮೇಲೆ ಬದುಕೋ ಕಥೆ ಇಲ್ಲ. ಅದಕ್ಕೇ ಕೊಳಕಾದ್ರೂ ಪರವಾಗಿಲ್ಲ ಅಂತ ಅಂದ್ಕೋಬೇಡಿ, ರೋಲರ್‌ಗೂ ಗಟ್ಟಿ ಕಣದಿಂದ ಗುಳಿ ಬೀಳತ್ತೆ.

ಇನ್ನೊಂದು ಮರೀಬಾರದು, ಮೋಟರ್‌ಸೈಕಲ್‌ನಲ್ಲಿ ಹೆಚ್ಚಿನ ಕಡೆ ಇಂಜಿನ್‌ಗೂ ಗೇರ್‌ಬಾಕ್ಸ್‌ಗೂ ಆಯಿಲ್‌ನಲ್ಲೇ ಮುಳುಗಿರೋ ವೆಟ್ ಕ್ಲಚ್‌ಗೂ ಒಂದೇ ಆಯಿಲ್. ಕ್ಲಚ್ ಪ್ಲೇಟ್ ಸವೆದ ಕಪ್ಪು ನಾರು, ಗೇರ್ ಹಲ್ಲಿನಿಂದ ಬಂದ ಪುಡಿ, ಎಲ್ಲ ಇದೇ ಫಿಲ್ಟರ್ ತಲೆ ಮೇಲೆ. ಕಾರ್ ಫಿಲ್ಟರ್ ಮೇಲೆ ಬರೆದಿರೋ ಲೇಖನ ಓದಿ ಬೈಕ್‌ಗೆ ನಿರ್ಧಾರ ಮಾಡೋಕೆ ಆಗದೇ ಇರೋದು ಇದಕ್ಕೇ.

ಹಾಗಾದ್ರೆ ಜಾಲರಿ ಪರವಾಗಿ ಏನಿದೆ? ಹರಿವು. ತಣ್ಣಗಿರೋ ಬೆಳಿಗ್ಗೆ ಆಯಿಲ್ ಮಂದ ಇರತ್ತೆ, ಪೇಪರ್ ಮೂಲಕ ಅಷ್ಟು ಬೇಗ ಹೋಗೋಕಾಗಲ್ಲ, ಫಿಲ್ಟರ್‌ನ ಎರಡೂ ಕಡೆ ಪ್ರೆಶರ್ ವ್ಯತ್ಯಾಸ ಜಾಸ್ತಿ ಆದ ತಕ್ಷಣ ಬೈಪಾಸ್ ವಾಲ್ವ್ ತೆರೆದುಕೊಂಡು ಆಯಿಲ್ ಫಿಲ್ಟರ್ ಆಗದೇ ಸೀದಾ ಇಂಜಿನ್‌ಗೆ ಹೋಗತ್ತೆ. ಕೊಳಕು ಆಯಿಲ್ ಹೋದ್ರೂ ಪರವಾಗಿಲ್ಲ, ಆಯಿಲ್ಲೇ ಇಲ್ಲದೆ ಇರಬಾರದು ಅನ್ನೋ ಲೆಕ್ಕ ಅದು, ಸರಿಯಾದ ಲೆಕ್ಕವೇ. ಪೇಪರ್ ಕಸ ತುಂಬಿ ಕಟ್ಟಿಕೊಂಡಾಗಲೂ ಇದೇ ಕಥೆ. ಜಾಲರಿಯಲ್ಲಿ ಆಯಿಲ್ ಸಲೀಸಾಗಿ ಹರಿಯೋದ್ರಿಂದ ಬೈಪಾಸ್ ತೆರೆಯೋದು ಕಮ್ಮಿ. ಅಂದ್ರೆ ಪೇಪರ್ ನುಣ್ಣಗೆ ಸೋಸತ್ತೆ ಆದ್ರೆ ಕೆಲವು ಹೊತ್ತು ರಜೆ ಹಾಕತ್ತೆ, ಜಾಲರಿ ಒರಟಾಗಿ ಸೋಸತ್ತೆ ಆದ್ರೆ ರಜೆ ಕಮ್ಮಿ. ಇಂಜಿನ್ ಬೆಚ್ಚಗಾಗೋ ತನಕ ಆರ್‌ಪಿಎಂ ಏರಿಸದೆ ಓಡಿಸೋರಿಗೆ ಈ ವ್ಯತ್ಯಾಸ ತೀರಾ ಚಿಕ್ಕದು. ಸ್ಟಾರ್ಟ್ ಮಾಡಿದ ಕೂಡ್ಲೇ ವ್ರೂಂ ವ್ರೂಂ ಅನ್ನಿಸೋರಿಗೆ ಯಾವ ಫಿಲ್ಟರ್ ಹಾಕಿದ್ರೂ ಅಷ್ಟೇ ಬಿಡಿ.

ದುಡ್ಡಿನ ಲೆಕ್ಕ

ಸ್ಟೀಲ್ ಫಿಲ್ಟರ್ ಬೆಲೆಯನ್ನ ನೀವು ಹಾಕೋ ಪೇಪರ್ ಫಿಲ್ಟರ್ ಬೆಲೆಯಿಂದ ಭಾಗಿಸಿ. 12 ಬಂತು ಅಂತ ಇಟ್ಕೊಳ್ಳಿ. ಈಗ ಒಬ್ಬರು ವರ್ಷಕ್ಕೆ 6,000 ಕಿಲೋಮೀಟರ್ ಓಡಿಸ್ತಾರೆ, ಅವರ ಬೈಕ್ ಮ್ಯಾನುಯಲ್ 6,000ಕ್ಕೆ ಒಂದು ಫಿಲ್ಟರ್ ಅನ್ನತ್ತೆ, ಅಂದ್ರೆ ಹಾಕಿದ ದುಡ್ಡು ವಾಪಸ್ ಬರೋಕೆ 12 ವರ್ಷ. ಅಷ್ಟರಲ್ಲಿ ಬೈಕೇ ಬೇರೆಯವರ ಕೈಗೆ ಹೋಗಿರತ್ತೆ, ಆ ಫಿಲ್ಟರ್ ಹೊಸ ಬೈಕ್‌ಗೆ ಕೂರಲ್ಲ. ಇನ್ನೊಬ್ಬರು ಡರ್ಟ್ ಬೈಕ್ ಓಡಿಸೋರು, ಅಲ್ಲಿ ಕಿಲೋಮೀಟರ್ ಲೆಕ್ಕ ಇಲ್ಲ, ಇಂಜಿನ್ ಓಡಿದ ಗಂಟೆ ಲೆಕ್ಕ. ವಾರಕ್ಕೆ 4 ಗಂಟೆ ಓಡಿಸಿ 8 ಗಂಟೆಗೊಂದು ಸಲ ಆಯಿಲ್ಲೂ ಫಿಲ್ಟರ್ರೂ ಬದಲಾಯಿಸಿದ್ರೆ ಎರಡು ವಾರಕ್ಕೊಂದು ಫಿಲ್ಟರ್, 24 ವಾರದಲ್ಲಿ ಲೆಕ್ಕ ಚುಕ್ತಾ, ಅಲ್ಲಿಂದ ಆಚೆಗೆ ಲಾಭ. ಒಂದೇ ಫಿಲ್ಟರ್, ಒಂದೇ ಬೆಲೆ, ಒಬ್ಬರಿಗೆ 12 ವರ್ಷ ಇನ್ನೊಬ್ಬರಿಗೆ ಆರು ತಿಂಗಳೂ ಇಲ್ಲ. ದಿನಾ ಕೆಲಸಕ್ಕೆ ಓಡಾಡೋ ಸಣ್ಣ ಬೈಕ್‌ಗೆ ಮಿರಮಿರ ಮಿಂಚೋ ಸ್ಟೀಲ್ ಫಿಲ್ಟರ್ ನೋಡಿದಾಗೆಲ್ಲ ನಂಗೆ ಮೂಗಿಗಿಂತ ಮೂಗುತಿ ಭಾರ ಅನ್ನೋದೇ ನೆನಪಾಗೋದು.

ಲೆಕ್ಕದಲ್ಲಿ ಇನ್ನೂ ಒಂದೆರಡು ಸೇರಿಸ್ಬೇಕು. ಸ್ಟೀಲ್ ಹಾಕಿದ್ರೂ ಓ-ರಿಂಗ್, ಅಂದ್ರೆ ಲೀಕ್ ತಡೆಯೋ ರಬ್ಬರ್ ಬಳೆ, ಆಗಾಗ ಹೊಸದು ಬೇಕು, ತೊಳೆಯೋಕೆ ಸೀಮೆಎಣ್ಣೆನೋ ಸಾಲ್ವೆಂಟೋ ಬೇಕು, ನಿಮ್ಮ ಅರ್ಧಮುಕ್ಕಾಲು ಗಂಟೆ ಬೇಕು. ಪರಿಸರಕ್ಕೆ ಒಳ್ಳೇದು ಅನ್ನೋ ವಾದಾನೂ ಪೂರ್ತಿ ಒಪ್ಪೋ ಹಾಗಿಲ್ಲ, ಪೇಪರ್ ಫಿಲ್ಟರ್ ಕಸ ಉಳೀತು ನಿಜ, ಅದರ ಬದಲು ಪ್ರತಿ ಸಲ ಒಂದು ಡಬ್ಬ ಕೊಳಕು ಸಾಲ್ವೆಂಟ್ ಹುಟ್ತು. ಅದನ್ನ ಚರಂಡಿಗೆ ಸುರಿದ್ರೆ ಪೇಪರ್ ಫಿಲ್ಟರ್ ಬಿಸಾಕಿದೋರಿಗಿಂತ ನೀವೇ ಜಾಸ್ತಿ ಹಾಳು ಮಾಡಿದ ಹಾಗೆ.

ಯಾರಿಗೆ ಯಾವುದು

ನಾನು ಎರಡನ್ನೂ ಹಾಕ್ತೀನಿ, ರೋಡ್ ಬೈಕ್‌ಗೆ ಪೇಪರ್, ಮಣ್ಣಲ್ಲಿ ಓಡ್ಸೋದಕ್ಕೆ ಸ್ಟೀಲ್. ನಿಮಗೆ ಸ್ಟೀಲ್ ಹೊಂದತ್ತಾ ಅನ್ನೋದಕ್ಕೆ ಮೈಕ್ರಾನ್‌ಗಿಂತ ದುಡ್ಡಿಗಿಂತ ದೊಡ್ಡ ಪ್ರಶ್ನೆ ಒಂದಿದೆ: ಹತ್ತನೇ ಸಲ ತೊಳೆಯೋವಾಗ್ಲೂ ಮೊದಲ್ನೇ ಸಲದಷ್ಟೇ ಶ್ರದ್ಧೆಯಿಂದ ತೊಳೀತೀರಾ? ಸರ್ವಿಸ್‌ನ ಗ್ಯಾರೇಜಲ್ಲಿ ಬಿಟ್ಟು ಬರೋರು ಸ್ಟೀಲ್ ತಂಟೆಗೆ ಹೋಗ್ಲೇಬೇಡಿ, ನಿಮ್ಮ ಫಿಲ್ಟರ್‌ನ ಯಾರು ಹೇಗೆ ತೊಳೆದ್ರು, ತೊಳೆದ್ರೋ ಇಲ್ವೋ, ನಿಮಗೆ ಗೊತ್ತಾಗೋ ದಾರಿ ಇಲ್ಲ. ಹೊಸ ಬೈಕ್ ಅಥವಾ ಈಗಷ್ಟೇ ಇಂಜಿನ್ ಬಿಚ್ಚಿ ಕಟ್ಟಿರೋದು ಅಂದ್ರೆ ಪೇಪರ್ರೇ ಇರಲಿ, ರನ್ನಿಂಗ್ ಇನ್ ಟೈಮಲ್ಲಿ, ಅಂದ್ರೆ ಹೊಸ ಭಾಗಗಳು ಒಂದಕ್ಕೊಂದು ಹೊಂದಿಕೊಳ್ಳೋ ಶುರುವಿನ ದಿನಗಳಲ್ಲಿ, ಲೋಹದ ಪುಡಿ ಜಾಸ್ತಿ ಬರತ್ತೆ, ಅದು ಕಸದ ಜೊತೆ ಮನೆ ಬಿಟ್ಟು ಹೋಗ್ಲಿ. ವಾರಂಟಿ ಇರೋ ಬೈಕ್‌ಗೂ ಅದು ಮುಗಿಯೋ ತನಕ ಕಂಪನಿ ಹೇಳಿದ ಫಿಲ್ಟರ್ರೇ ಹಾಕಿ, ನಾಳೆ ಇಂಜಿನ್ ತಕರಾರು ಬಂದ್ರೆ ಮೊದಲು ಬೆರಳು ತೋರಿಸೋದು ನಿಮ್ಮ ಫಿಲ್ಟರ್ ಕಡೆಗೆ.

ಸ್ಟೀಲ್ ಯಾರಿಗೆ ಅಂದ್ರೆ, ಗಂಟೆ ಲೆಕ್ಕದಲ್ಲಿ ಆಯಿಲ್ ಬದಲಾಯಿಸೋರಿಗೆ, ನಿಮ್ಮ ಮಾಡೆಲ್ ಫಿಲ್ಟರ್ ಸಿಗೋದೇ ಕಷ್ಟ ಆಗಿರೋ ಹಳೇ ಬೈಕ್‌ನೋರಿಗೆ, ಪಾರ್ಟ್ಸ್ ಸಿಗದ ಕಡೆ ತಿಂಗಳುಗಟ್ಟಲೆ ತಿರುಗೋರಿಗೆ, ಮತ್ತೆ ಪ್ರತಿ ಸಲ ಫಿಲ್ಟರ್‌ನಲ್ಲಿ ಏನು ಸಿಕ್ತು ಅಂತ ನೋಡೋ ಕುತೂಹಲ ಇರೋರಿಗೆ. ಕೊನೇದು ತಮಾಷೆ ಅಲ್ಲ, ಸ್ಟೀಲ್‌ನ ನಿಜವಾದ ಲಾಭ ನನ್ನ ಪ್ರಕಾರ ಅದೇ. ಒಂದು ಮಾತ್ರ, ಸ್ಟೀಲ್ ಹಾಕಿದೀನಿ ಅಂತ ಆಯಿಲ್ ಬದಲಾಯಿಸೋದನ್ನ ಮುಂದೂಡ್ಬೇಡಿ. ಆಯಿಲ್ ಹಾಳಾಗೋದು ಬರೀ ಕಸದಿಂದ ಅಲ್ಲ, ಗೇರ್ ಹಲ್ಲುಗಳ ಮಧ್ಯೆ ಸಿಕ್ಕಿ ಅದರ ಗಟ್ಟಿತನ ಹೋಗತ್ತೆ, ಪೆಟ್ರೋಲ್ ಬೆರೆಯತ್ತೆ, ಆಸಿಡ್ ಹುಟ್ಟತ್ತೆ, ಹಾಕಿರೋ ಅಡಿಟಿವ್ ಖರ್ಚಾಗತ್ತೆ, ಇದ್ಯಾವುದನ್ನೂ ಯಾವ ಫಿಲ್ಟರ್ರೂ ಸೋಸಲ್ಲ.

ತಗೊಳ್ಳೋವಾಗ

ಹಳೇ ಪೇಪರ್ ಫಿಲ್ಟರ್ ಪಕ್ಕದಲ್ಲಿಟ್ಟು ವರ್ನಿಯರ್‌ನಿಂದ ಎತ್ತರ, ಹೊರಗಿನ ಅಗಲ, ಮಧ್ಯದ ತೂತು ಮೂರೂ ಅಳೀರಿ. ಎತ್ತರ ಒಂಚೂರು ಕಮ್ಮಿ ಇದ್ರೂ ತುದಿ ಸರಿಯಾಗಿ ಕೂರಲ್ಲ, ಆಯಿಲ್ ಜಾಲರಿ ದಾಟೋ ಬದಲು ಪಕ್ಕದಿಂದ ನುಸುಳಿಕೊಂಡು ಹೋಗತ್ತೆ, ಹೊರಗೆ ಲೀಕ್ ಇಲ್ಲ, ಲೈಟ್ ಉರಿಯಲ್ಲ, ನಿಮಗೆ ಗೊತ್ತೇ ಆಗಲ್ಲ. ನಿಮ್ಮ ಬೈಕ್‌ನಲ್ಲಿ ಬೈಪಾಸ್ ವಾಲ್ವ್ ಎಲ್ಲಿದೆ ಅಂತಾನೂ ತಿಳ್ಕೊಳ್ಳಿ. ಕೆಲವು ಇಂಜಿನ್‌ಗಳಲ್ಲಿ ಇಂಜಿನ್ ಒಳಗೇ ಇರತ್ತೆ, 1969ರಲ್ಲಿ ಬಂದ ಹೋಂಡಾ ಸಿಬಿ750 ಥರದ್ದರಲ್ಲಿ ಫಿಲ್ಟರ್ ಮುಚ್ಚಳದ ಮಧ್ಯದ ಬೋಲ್ಟ್ ಒಳಗೆ ಇರತ್ತೆ, ಇನ್ನು ಕೆಲವದರಲ್ಲಿ ಫಿಲ್ಟರ್‌ನಲ್ಲೇ ಕೂರಿಸಿರ್ತಾರೆ. ಫಿಲ್ಟರ್‌ನಲ್ಲೇ ಇರೋದಾದ್ರೆ ನೀವು ಕೊಳ್ಳೋ ಸ್ಟೀಲ್‌ನಲ್ಲೂ ಅದು ಇರಲೇಬೇಕು.

ಸ್ಪಿನ್-ಆನ್ ತಗೊಳ್ಳೋರು ಥ್ರೆಡ್ ನೋಡಿ. ಜಪಾನ್ ಬೈಕ್‌ಗಳಲ್ಲಿ ಎಂ20 x 1.5, ಅಂದ್ರೆ 20 ಮಿಲಿಮೀಟರ್ ಅಗಲದ್ದು, ಸಾಮಾನ್ಯ, ಬೇರೆ ಕೆಲವದರಲ್ಲಿ ಮುಕ್ಕಾಲು ಇಂಚಿನದು ಇರತ್ತೆ, ಮುಕ್ಕಾಲು ಇಂಚು ಅಂದ್ರೆ 19.05 ಮಿಲಿಮೀಟರ್. ಎಂ20 ಫಿಲ್ಟರ್ ಇಂಜಿನ್ ಕಡೆ ಇರೋ ಮುಕ್ಕಾಲು ಇಂಚಿನ ಥ್ರೆಡ್‌ಗೆ ಸಡಿಲವಾಗಿ ಹತ್ತಿಬಿಡತ್ತೆ, ಕೂತಿದೆ ಅಂತ ಅನ್ಸತ್ತೆ, ಪ್ರೆಶರ್ ಬಂದಾಗ ಕಿತ್ಕೊಂಡು ಹೋಗಿ ಆಯಿಲೆಲ್ಲ ಹಿಂದಿನ ಟೈರ್ ಮೇಲೆ. ಬಿಚ್ಚಿ ತೊಳೆಯೋ ಸ್ಪಿನ್-ಆನ್ ಡಬ್ಬದಲ್ಲಿ ಓ-ರಿಂಗ್‌ಗಳೂ ಒಂದಕ್ಕಿಂತ ಜಾಸ್ತಿ ಇರತ್ತೆ, ಒಂದು ಹಿಸುಕಿಕೊಂಡು ಕೂತ್ರೂ ಇದೇ ಗತಿ. ರೋಡ್ ಬೈಕ್‌ಗೆ ನಾನು ಸ್ಪಿನ್-ಆನ್ ಸ್ಟೀಲ್ ಹಾಕದೇ ಇರೋದಕ್ಕೆ ಇದೂ ಒಂದು ಕಾರಣ.

ತೊಳೆಯೋದು

ಇಲ್ಲಿ ಮೊದಲು ತಲೇಲಿ ಇಟ್ಕೋಬೇಕಾದ್ದು, ಫಿಲ್ಟರ್‌ಗೆ ಕೊಳಕು ಕಡೆ ಅಂತ ಒಂದಿದೆ, ಕ್ಲೀನ್ ಕಡೆ ಅಂತ ಒಂದಿದೆ. ಹೆಚ್ಚಿನ ಕಾರ್ಟ್ರಿಡ್ಜ್‌ಗಳಲ್ಲಿ ಆಯಿಲ್ ಹೊರಗಡೆಯಿಂದ ಬಂದು ಜಾಲರಿ ದಾಟಿ ಒಳಗಿನ ಟೊಳ್ಳಿಗೆ ಹೋಗತ್ತೆ, ಅಲ್ಲಿಂದ ಸೀದಾ ಬೇರಿಂಗ್‌ಗೆ. ಆ ಒಳಗಿನ ಟೊಳ್ಳಿನಲ್ಲಿ ನೀವು ಏನು ಬಿಟ್ರೂ ಅದನ್ನ ತಡೆಯೋಕೆ ಮುಂದೆ ಯಾವ ಫಿಲ್ಟರ್ರೂ ಇಲ್ಲ. ಪೇಪರ್ ಫಿಲ್ಟರ್ ಹೊಸದು ಹಾಕಿದಾಗ ಒಳಗಡೆ ಕ್ಲೀನಾಗೇ ಬಂದಿರತ್ತೆ, ಸ್ಟೀಲ್‌ನಲ್ಲಿ ಆ ಜವಾಬ್ದಾರಿ ನಿಮ್ಮದು.

ನಾನೇ ಮಾಡಿದ ಘನಕಾರ್ಯ ಹೇಳ್ತೀನಿ. ಮೊದಮೊದಲು ಒಂದ್ಸಲ ಚೆನ್ನಾಗಿ ತೊಳೆದು, ಬೇಗ ಒಣಗ್ಲಿ ಅಂತ ಹಳೇ ಬನಿಯನ್ ತುಂಡಿನಿಂದ ಒಳಗೂ ಹೊರಗೂ ಒರೆಸಿ, ಇನ್ನೇನು ಹಾಕ್ಬೇಕು ಅನ್ನೋವಾಗ ಟಾರ್ಚ್ ಬಿಟ್ಟು ನೋಡಿದ್ರೆ ಒಳಗಡೆ ಜಾಲರಿಗೆ ಬಟ್ಟೆ ಎಳೆಗಳು ಬೆಕ್ಕಿನ ಕೂದಲು ಅಂಟಿದ ಹಾಗೆ ಅಂಟ್ಕೊಂಡಿದ್ವು. ನೋಡದೇ ಹಾಕಿದ್ದಿದ್ರೆ ಅಷ್ಟೂ ಸ್ಟಾರ್ಟ್ ಮಾಡಿದ ಕೂಡ್ಲೇ ಆಯಿಲ್ ತೂತುಗಳಿಗೆ. ಅವತ್ತಿಂದ ಬಟ್ಟೆ ಫಿಲ್ಟರ್ ಹತ್ರಾನೂ ಬರಲ್ಲ.

ಈಗ ಮಾಡೋ ಕ್ರಮ ಇದು. ಇಂಜಿನ್ ಐದು ನಿಮಿಷ ಓಡಿಸಿ ಬೆಚ್ಚಗೆ ಮಾಡಿ ಆಫ್ ಮಾಡಿ, ನೈಟ್ರೈಲ್ ಗ್ಲೌಸ್ ಹಾಕ್ಕೊಳ್ಳಿ, ಓಡಿದ ಆಯಿಲ್ ಚರ್ಮಕ್ಕೆ ಒಳ್ಳೇದಲ್ಲ. ಡ್ರೇನ್ ಬೋಲ್ಟ್ ಬಿಚ್ಚಿ ಆಯಿಲ್ ಇಳಿಸಿ ಆಮೇಲೆ ಫಿಲ್ಟರ್ ಮುಚ್ಚಳ ಬಿಚ್ಚಿ. ಮುಚ್ಚಳ ಬಿಚ್ಚೋಕೆ ಮುಂಚೆ ಅದರ ಸುತ್ತ ಇರೋ ಮಣ್ಣು ತೆಗೆದಿರಿ, ಎಷ್ಟೋ ಸಲ ಒಳಗೆ ಹೋಗೋ ಕಸ ಅದೇ. ಫಿಲ್ಟರ್ ಹೊರಗೆ ತೆಗೆದ ಮೇಲೆ ತಕ್ಷಣ ತೊಳೀಬೇಡಿ, ಬಿಳಿ ಕಾಗದದ ಮೇಲೆ ಹಿಡಿದು ನೋಡಿ, ಅದರ ಬಗ್ಗೆ ಕೆಳಗೆ ಹೇಳ್ತೀನಿ. ಓ-ರಿಂಗ್‌ಗಳನ್ನ ತೆಗೆದು ಪಕ್ಕಕ್ಕಿಡಿ, ಸಾಲ್ವೆಂಟ್ ಅದಕ್ಕೆ ತಾಗಿದ್ರೆ ಉಬ್ಬತ್ತೆ.

ತೊಳೆಯೋಕೆ ಸೀಮೆಎಣ್ಣೆ, ಮಿನರಲ್ ಸ್ಪಿರಿಟ್ ಅಥವಾ ಡಿಗ್ರೀಸರ್, ಯಾವುದಾದ್ರೂ ಆಗತ್ತೆ. ಪೆಟ್ರೋಲ್ ಬೇಡ, ಅದರ ಆವಿ ದೂರದಲ್ಲಿರೋ ಕಿಡಿಗೂ ಹತ್ತಿಕೊಳ್ಳತ್ತೆ. ಎರಡು ಡಬ್ಬ ಇಟ್ಕೊಳ್ಳಿ, ಇದು ಮುಖ್ಯ. ಮೊದಲ್ನೇ ಡಬ್ಬದಲ್ಲಿ ಒರಟು ತೊಳೆತ. ಅದಕ್ಕೆ ಮುಂಚೆ ಫಿಲ್ಟರ್‌ನ ಮಧ್ಯದ ತೂತಿಗೆ ರಬ್ಬರ್ ಬಿರಡೆ ಒತ್ತಿ, ಕೊಳಕು ಸಾಲ್ವೆಂಟ್ ಒಳಗಿನ ಟೊಳ್ಳಿಗೆ ಸೀದಾ ನುಗ್ಗದೇ ಇರಲಿ. ಹತ್ತು ನಿಮಿಷ ನೆನೆಸಿ ಮೆತ್ತನೆ ನೈಲಾನ್ ಬ್ರಷ್, ಹಳೇ ಹಲ್ಲುಜ್ಜೋ ಬ್ರಷ್ ಸಾಕು, ಅದರಲ್ಲಿ ಮಡಿಕೆ ಉದ್ದಕ್ಕೂ ಉಜ್ಜಿ, ಅಡ್ಡಡ್ಡ ಬೇಡ. ವೈರ್ ಬ್ರಷ್ ಮುಟ್ಟಿಸಲೇಬೇಡಿ, ತಂತಿ ಸರಿದು ಒಂದು ಕಡೆ ತೂತು ದೊಡ್ಡದಾದ್ರೆ ಮೈಕ್ರಾನ್ ಲೆಕ್ಕ ಎಲ್ಲ ಅಲ್ಲಿಗೆ ಮುಗೀತು. ಆಮೇಲೆ ಬಿರಡೆ ತೆಗೆದು ಎರಡನೇ ಡಬ್ಬದ ಫ್ರೆಶ್ ಸಾಲ್ವೆಂಟ್‌ನ ಒಳಗಿನ ಟೊಳ್ಳಿಗೆ ಸುರಿದು ಹೊರಗೆ ಇಳಿಯೋಕೆ ಬಿಡಿ. ದಿಕ್ಕು ಯಾವಾಗ್ಲೂ ಒಳಗಿಂದ ಹೊರಗೆ, ಕಸ ಬಂದ ದಾರೀಲೇ ವಾಪಸ್ ಹೋಗ್ಬೇಕು. ಕೆಳಗೆ ಬೀಳೋದು ತಿಳಿಯಾಗಿ ಬರೋ ತನಕ ಮೂರು ನಾಲ್ಕು ಸಲ ಮಾಡಿ, ಆಮೇಲೆ ಮತ್ತೆ ಆ ಮೊದಲ್ನೇ ಡಬ್ಬಕ್ಕೆ ಅದ್ದಿದ್ರೆ ಮಾಡಿದ್ದೆಲ್ಲ ನೀರಲ್ಲಿ ಹೋಮ.

ಗಾಳಿ ಹೊಡೆಯೋದೂ ಒಳಗಿಂದ ಹೊರಗೇ, ಅದೂ ಕಮ್ಮಿ ಪ್ರೆಶರ್‌ನಲ್ಲಿ, ನಳಿಕೆ ದೂರ ಹಿಡಿದು. ಕಂಪ್ರೆಸರ್ ಫುಲ್ ಬಿಟ್ಟು ಜಾಲರಿಗೆ ತಾಗಿಸಿ ಹೊಡೆದ್ರೆ ಮಡಿಕೆ ಸೊಟ್ಟ ಆಗತ್ತೆ. ಸಾಲ್ವೆಂಟ್ ವಾಸನೆ ಹೋಗ್ಲಿ ಅಂತ ಬಿಸಿನೀರಿಗೆ ಪಾತ್ರೆ ತೊಳೆಯೋ ಲಿಕ್ವಿಡ್ ಹಾಕಿ ತೊಳೆಯೋರೂ ಇದಾರೆ, ತಪ್ಪೇನಿಲ್ಲ, ಆದ್ರೆ ಆಮೇಲೆ ಪೂರ್ತಿ ಒಣಗಬೇಕು. ಮಡಿಕೆ ಬುಡದಲ್ಲಿ ನೀರು ನಿಲ್ಲತ್ತೆ, ಮೇಲೆ ಒಣಗಿದ ಹಾಗೆ ಕಂಡ್ರೂ ಒಳಗೆ ಇರತ್ತೆ, ನೀರು ಆಯಿಲ್‌ಗೆ ಸೇರಿದ್ರೆ ಹಾಲು ಬೆರೆಸಿದ ಹಾಗೆ ಬೆಳ್ಳಗಾಗತ್ತೆ. ಅವಸರ ಇದ್ರೆ ನೀರಿನ ಹಂತ ಬಿಟ್ಟುಬಿಡಿ.

ಒಣಗಿದ ಮೇಲೆ ಬೆಳಕಿಗೆ ಹಿಡಿದು ಒಂದೊಂದೇ ಮಡಿಕೆ ನೋಡಿ. ಎಲ್ಲ ಕಡೆ ಬೆಳಕು ಒಂದೇ ಸಮ ಬರ್ಬೇಕು. ಕಪ್ಪು ಪಟ್ಟಿ ಕಂಡ್ರೆ ಅಲ್ಲಿ ಇನ್ನೂ ಕಟ್ಟಿದೆ, ಮತ್ತೆ ನೆನೆಸಿ. ನಕ್ಷತ್ರದ ಹಾಗೆ ಒಂದು ಚುಕ್ಕಿ ಮಾತ್ರ ಜೋರಾಗಿ ಮಿನುಗಿದ್ರೆ ಅದು ತೂತು, ಆ ಫಿಲ್ಟರ್ ಕಥೆ ಮುಗೀತು, ಸೋಲ್ಡರ್ ಹಾಕ್ತೀನಿ ಎಂಸೀಲ್ ಹಚ್ತೀನಿ ಅಂತ ಹೋಗ್ಬೇಡಿ. ಜಾಲರಿ ಮುಚ್ಚಳಕ್ಕೆ ಸೇರೋ ಅಂಚನ್ನೂ ಉಗುರಲ್ಲಿ ಒತ್ತಿ ನೋಡಿ, ಬಿಡೋದು ಮೊದಲು ಅಲ್ಲೇ.

ಕಸ ಓದೋದು

ಬಿಳಿ ಕಾಗದದ ಮೇಲೆ ಹಿಡಿದ್ರಲ್ಲ, ಆಗ ಒಂದು ಅಯಸ್ಕಾಂತ ಪಕ್ಕದಲ್ಲಿರಲಿ. ಮೆಟಾಲಿಕ್ ಪೇಂಟ್ ಥರ ಸಣ್ಣ ಮಿನುಗು ಹೊಸ ಇಂಜಿನ್‌ನಲ್ಲಿ ಇದ್ದೇ ಇರತ್ತೆ. ಕಪ್ಪಗೆ ಮೆತ್ತಗೆ ನಾರಿನ ಹಾಗಿರೋದು ಕ್ಲಚ್ ಪ್ಲೇಟ್‌ದು, ಸ್ವಲ್ಪ ಇದ್ರೆ ಮಾಮೂಲಿ. ಅಯಸ್ಕಾಂತಕ್ಕೆ ಅಂಟೋ ಚೂರುಗಳು ಸ್ಟೀಲ್, ಗೇರ್ ಅಥವಾ ಬೇರಿಂಗ್ ಕಡೆಯಿಂದ ಬಂದಿದ್ದು, ಬೆರಳಿಗೆ ಚುಚ್ಚೋ ಅಷ್ಟು ದೊಡ್ಡದಿದ್ರೆ ಇಂಜಿನ್ ಸ್ಟಾರ್ಟ್ ಮಾಡ್ಬೇಡಿ. ಅಂಟದೇ ಇರೋ ಬೆಳ್ಳಿ ಚಕ್ಕೆ ಅಲ್ಯೂಮಿನಿಯಂ, ಪಿಸ್ಟನ್ನೋ ಇಂಜಿನ್ ಹೊರಕವಚದ ಕೇಸೋ. ತಾಮ್ರ ಹಿತ್ತಾಳೆ ಬಣ್ಣ ಕಂಡ್ರೆ ಬುಷ್ ಅಥವಾ ಬೇರಿಂಗ್ ಪದರ ಏಳ್ತಿದೆ ಅಂತ. ರಬ್ಬರ್ ಹುಳುವಿನ ಹಾಗೆ ಸುತ್ತಿಕೊಂಡಿರೋದು ಸಿಕ್ಕಿದ್ರೆ ಯಾರೋ ಹಿಂದಿನ ಸಲ ಕೇಸ್ ಕೂರಿಸೋವಾಗ ಸಿಲಿಕಾನ್ ಗ್ಯಾಸ್ಕೆಟ್ ಪೇಸ್ಟ್‌ನ ಧಾರಾಳವಾಗಿ ಹಚ್ಚಿದಾರೆ, ಹೊರಗೆ ಉಬ್ಬಿದ ಹಾಗೇ ಒಳಗೂ ಉಬ್ಬಿ ಉದುರಿದೆ.

ಪೇಪರ್ ಹಾಕೋರೂ ಇದನ್ನ ಮಾಡ್ಬಹುದು. ಪೇಪರ್ ಮಡಿಕೆಯನ್ನ ಬ್ಲೇಡ್‌ನಲ್ಲಿ ಕೊಯ್ದು ಬಿಡಿಸಿ ಹಿಂಡಿ ಹರಡಿ ನೋಡಿ. ಸ್ಪಿನ್-ಆನ್ ಡಬ್ಬ ಆದ್ರೆ ಫಿಲ್ಟರ್ ಕಟರ್‌ನಲ್ಲೇ ಬಿಚ್ಚಬೇಕು, ಹ್ಯಾಕ್ಸಾ ಬ್ಲೇಡ್ ಹಾಕಿದ್ರೆ ನೀವೇ ಕೊಯ್ದ ಪುಡಿ ನೋಡಿ ನೀವೇ ಹೆದರ್ತೀರಿ.

ವಾಪಸ್ ಹಾಕೋದು

ಕೆಲವು ಕಾರ್ಟ್ರಿಡ್ಜ್‌ಗಳಿಗೆ ಒಂದೇ ಕಡೆ ತೂತಿರತ್ತೆ, ಉಲ್ಟಾ ಹಾಕಿದ್ರೆ ಆಯಿಲ್ ದಾರಿ ಮುಚ್ಚಿಹೋಗಿ ಇಂಜಿನ್ ಸೀಜ್ ಆಗೋ ತನಕ ಹೋಗತ್ತೆ. ಹೋಂಡಾ ಫಿಲ್ಟರ್‌ಗಳ ಮೇಲೆ ಹೊರಮುಖ ಯಾವುದು ಅಂತ ಅಚ್ಚು ಹಾಕಿರ್ತಾರೆ, ಸ್ಟೀಲ್‌ನಲ್ಲಿ ಅಂಥ ಗುರುತು ಇಲ್ದೇ ಇರಬಹುದು, ಅದಕ್ಕೇ ಹಳೇದು ತೆಗೆಯೋವಾಗ್ಲೇ ಫೋಟೋ ಹೊಡ್ಕೊಳ್ಳಿ. ಹಿಂದೆ ಸ್ಪ್ರಿಂಗ್ ಇರೋ ಇಂಜಿನ್ ಆದ್ರೆ ಸ್ಪ್ರಿಂಗ್ ಮತ್ತು ಫಿಲ್ಟರ್ ಮಧ್ಯೆ ಒಂದು ತೆಳು ವಾಷರ್ರೂ ಇರಬಹುದು, ಅದು ಹಳೇ ಫಿಲ್ಟರ್ ತಳಕ್ಕೆ ಆಯಿಲ್ ಜಿಗುಟಿಗೆ ಅಂಟ್ಕೊಂಡು ಅದರ ಜೊತೆಗೇ ಕಸಕ್ಕೆ ಹೋಗಿರತ್ತೆ. ಹಳೇ ಫಿಲ್ಟರ್ ಬಿಸಾಕೋಕೆ ಮುಂಚೆ ತಳ ಒಂದ್ಸಲ ನೋಡಿ.

ಓ-ರಿಂಗ್‌ಗೆ ಹೊಸ ಆಯಿಲ್ ಸವರಿ, ಫಿಲ್ಟರ್‌ಗೂ ಒಂದಿಷ್ಟು ಹಾಕಿ, ಮುಚ್ಚಳದ ಬೋಲ್ಟ್‌ಗಳನ್ನ ಟಾರ್ಕ್ ರೆಂಚ್‌ನಲ್ಲಿ ಮ್ಯಾನುಯಲ್ ಹೇಳಿದಷ್ಟೇ ಬಿಗಿ ಮಾಡಿ, ಆರು ಮಿಲಿಮೀಟರ್ ಬೋಲ್ಟು ಅಲ್ಯೂಮಿನಿಯಂ ಥ್ರೆಡ್ಡು, ಇನ್ನೊಂಚೂರು ಅನ್ನೋವಷ್ಟರಲ್ಲಿ ಕಿತ್ಕೊಂಡು ಬರತ್ತೆ. ಬಿಸಾಕೋ ಸ್ಪಿನ್-ಆನ್ ಆದ್ರೆ ಹಳೇ ರಬ್ಬರ್ ರಿಂಗ್ ಇಂಜಿನ್‌ಗೇ ಅಂಟ್ಕೊಂಡಿಲ್ಲ ತಾನೇ ಅಂತ ನೋಡಿ, ಎರಡು ರಿಂಗ್ ಒಂದರ ಮೇಲೊಂದು ಕೂತ್ರೆ ಆಯಿಲ್ ಚಿಮ್ಮತ್ತೆ. ಕೈಯಲ್ಲೇ ತಿರುಗಿಸಿ ರಬ್ಬರ್ ತಾಗಿದ ಮೇಲೆ ಡಬ್ಬದ ಮೇಲೆ ಬರೆದಿರೋಷ್ಟು, ಸಾಮಾನ್ಯವಾಗಿ ಮುಕ್ಕಾಲು ಸುತ್ತು.

ಆಯಿಲ್ ತುಂಬಿ ಸ್ಟಾರ್ಟ್ ಮಾಡಿ, ಆಕ್ಸಿಲರೇಟರ್ ಮುಟ್ಟಬೇಡಿ, ಆಯಿಲ್ ಲೈಟ್ ಕೆಲವೇ ಸೆಕೆಂಡಲ್ಲಿ ಆರಬೇಕು, ಆರದಿದ್ರೆ ತಕ್ಷಣ ಆಫ್. ಎರಡು ಮೂರು ನಿಮಿಷ ಐಡಲ್‌ನಲ್ಲಿ ಬಿಟ್ಟು ಆಫ್ ಮಾಡಿ, ಸ್ವಲ್ಪ ಹೊತ್ತು ಬಿಟ್ಟು ಲೆವೆಲ್ ನೋಡಿ, ಫಿಲ್ಟರ್ ಜಾಗ ತುಂಬಿರೋದ್ರಿಂದ ಒಂಚೂರು ಇಳಿದಿರತ್ತೆ. ಹಳೇ ಆಯಿಲ್, ತೊಳೆದ ಸಾಲ್ವೆಂಟ್, ಪೇಪರ್ ಆಗಿದ್ರೆ ರಾತ್ರಿಯೆಲ್ಲ ತಲೆಕೆಳಗಾಗಿ ಇಟ್ಟು ಬಸಿದ ಫಿಲ್ಟರ್, ಮೂರನ್ನೂ ಬೇರೆ ಬೇರೆ ಮುಚ್ಚಳ ಇರೋ ಡಬ್ಬದಲ್ಲಿ ಹಾಕಿ ಹಳೇ ಆಯಿಲ್ ತಗೊಳ್ಳೋ ಕಡೆ ಕೊಡಿ. ಮಾರನೇ ದಿನ ಬೆಳಿಗ್ಗೆ ಬೈಕ್ ಕೆಳಗೆ ಹಾಸಿದ ಕಾಗದದ ಮೇಲೆ ಹನಿ ಬಿದ್ದಿದ್ಯಾ ನೋಡ್ಕೊಂಡು ಆಮೇಲೆ ರೋಡಿಗೆ ಇಳೀರಿ. ಸ್ಟೀಲ್ ಹಾಕಿದೋರು ತೊಳೆದ ತಾರೀಕು ಮತ್ತು ಎಷ್ಟನೇ ಸಲ ಅನ್ನೋದನ್ನ ಬರೆದಿಟ್ಕೊಳ್ಳಿ, ಇಂಜಿನ್ ಯಾವತ್ತಾದ್ರೂ ಒಳಗೆ ಒಡೆದು ಚೂರು ಚೂರಾಗಿ ಬಂದ್ರೆ ಮಾತ್ರ ಆ ಫಿಲ್ಟರ್‌ನ ತೊಳೆಯೋಕೆ ಕೂರಬೇಡಿ, ಮಡಿಕೆ ಬುಡದಲ್ಲಿ ಸಿಕ್ಕಿರೋ ಚೂರು ಪೂರ್ತಿ ಬಂತು ಅಂತ ಹೇಳೋ ಹಾಗಿಲ್ಲ, ಹೊಸ ಇಂಜಿನ್‌ಗೆ ಹೊಸ ಫಿಲ್ಟರ್ರೇ ಹಾಕಿ.